ಗುರುತು ಹಾಕಿಟ್ಟ ಸೊತ್ತು

ಕುವೈತಿನ ಮುಬಾರಕಿಯಾ ಪೇಟೆಯ ಚಿನ್ನದಂಗಡಿಗಳ ಸಾಲಿನಲ್ಲಿ ಸಂಜೆ ಹೊತ್ತು ಸುಮ್ಮನೆ ನಡೆಯುವುದು ನನಗಿಷ್ಟ. ಕೊಳ್ಳುವವರ ಗದ್ದಲದಲ್ಲಿ ನನ್ನ ಕಣ್ಣು ಹೋಗುವುದು ಒಡವೆಗಿಂತ ಹೆಚ್ಚಾಗಿ ಅದಕ್ಕೆ ಕಟ್ಟಿದ ಚೀಟಿಯ ಮೇಲೆ. ಪ್ರತಿ ಬಳೆಗೆ, ಪ್ರತಿ ಉಂಗುರಕ್ಕೆ, ಪ್ರತಿ ಸರದ ಕೊಂಡಿಗೆ ಬಿಳಿ ದಾರದಲ್ಲಿ ಕಟ್ಟಿದ, ಕಿರುಬೆರಳಿನ ಉಗುರಿನಷ್ಟು ದೊಡ್ಡ ಚೀಟಿ. ಅದರ ಮೇಲೆ ತೂಕ, ಕ್ಯಾರೆಟ್ಟು, ಅಂಗಡಿಯವರಿಗಷ್ಟೇ ತಿಳಿಯುವ ಒಂದು ಸಂಖ್ಯೆ. ಒಡವೆಯ ಒಳಮೈಯಲ್ಲಿ ಇನ್ನೂ ಸಣ್ಣ ಅಚ್ಚು: ಅರಬ್ಬರ ಮನೆಯ ಹೆಂಗಸರು ಮೆಚ್ಚುವ 21 ಕ್ಯಾರೆಟ್ಟಿಗೆ 875, ನಮ್ಮವರು ಕೇಳುವ 22 ಕ್ಯಾರೆಟ್ಟಿಗೆ 916. ವ್ಯಾಪಾರ ಕುದುರಿತೆಂದರೆ ಅಂಗಡಿಯವನು ಸಣ್ಣ ಕತ್ತರಿಯಿಂದ ದಾರ ಕತ್ತರಿಸಿ ಚೀಟಿಯನ್ನು ಎತ್ತಿಟ್ಟುಕೊಳ್ಳುತ್ತಾನೆ. ಒಡವೆ ಹೋಯಿತು, ಚೀಟಿ ಉಳಿಯಿತು. ರಾತ್ರಿ ಲೆಕ್ಕಕ್ಕೆ ಕೂತಾಗ ಮಾತನಾಡುವುದು ಆ ಚೀಟಿ.

ಈ ಊರಿನ ದೊಡ್ಡ ಮಾಲುಗಳಲ್ಲಿ ಅದೇ ಚೀಟಿ ಬೇರೆ ರೂಪ ತಾಳಿದೆ. ಅಂಗಿಯ ತೋಳಿಗೆ ಚುಚ್ಚಿದ ಪ್ಲಾಸ್ಟಿಕ್ ಬಿಲ್ಲೆ, ಅತ್ತರಿನ ಪೆಟ್ಟಿಗೆಗೆ ಅಂಟಿಸಿದ ಬಿಳಿ ಪಟ್ಟಿ, ಬಾಗಿಲಲ್ಲಿ ಎರಡು ಕಂಬ. ಇವುಗಳ ಹುಟ್ಟಿನ ಕತೆ ನಮ್ಮ ಯಾವ ದಿನಸಿ ಅಂಗಡಿಯಲ್ಲೂ ನಡೆಯಬಹುದಾದದ್ದು. 1960ರ ದಶಕದಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಎಂಬಲ್ಲಿ ರಾನ್ ಅಸಾಫ್ ಎಂಬಾತ ಅಂಗಡಿ ನೋಡಿಕೊಳ್ಳುತ್ತಿದ್ದ. ಒಬ್ಬ ವೈನ್ ಬಾಟಲಿಗಳನ್ನು ಎತ್ತಿಕೊಂಡು ಓಡಿದ. ಅಸಾಫ್ ಬೆನ್ನಟ್ಟಿದರೂ ಸಿಗಲಿಲ್ಲ. ಸರಕು ತಾನೇ ಕೂಗಿ ಹೇಳುವಂತಿದ್ದರೆ ಎಂಬ ಅವನ ಆಸೆಯಿಂದ ಸೆನ್ಸರ್‌ಮ್ಯಾಟಿಕ್ ಎಂಬ ಕಂಪನಿ ಬೆಳೆಯಿತು. ಜಗತ್ತಿನ ಅಂಗಡಿ ಬಾಗಿಲುಗಳಲ್ಲಿ ಕಂಬಗಳು ಎದ್ದವು.

ಅತ್ತರಿನ ಪೆಟ್ಟಿಗೆಯ ಆ ಬಿಳಿ ಪಟ್ಟಿಯನ್ನು ಬಿಡಿಸಿ ನೋಡಿದರೆ ಒಳಗೆ ಕಾಗದದಷ್ಟು ತೆಳುವಾದ ಲೋಹದ ಪಟ್ಟಿಗಳು. ಅವಕ್ಕೆ ಬ್ಯಾಟರಿ ಇಲ್ಲ, ತಂತಿ ಇಲ್ಲ. ಬಾಗಿಲಿನ ಕಂಬ ಸೆಕೆಂಡಿಗೆ 58 ಸಾವಿರ ಸಲ ಮಿಡಿಯುವ ಕಾಂತದ ಅಲೆಯನ್ನು ತುಸು ಹೊತ್ತು ಕಳಿಸಿ ಥಟ್ಟನೆ ಸುಮ್ಮನಾಗುತ್ತದೆ. ಪಟ್ಟಿ ಮಾತ್ರ, ಹೊಡೆದು ಬಿಟ್ಟ ಗುಡಿಯ ಗಂಟೆಯ ಹಾಗೆ, ಅದೇ ತಾಳದಲ್ಲಿ ಇನ್ನಷ್ಟು ಹೊತ್ತು ಅನುರಣಿಸುತ್ತಲೇ ಇರುತ್ತದೆ. ಕಂಬ ಆ ಮೌನದಲ್ಲಿ ಕಿವಿಗೊಟ್ಟು ಅದನ್ನು ಕೇಳಿಸಿಕೊಳ್ಳುತ್ತದೆ. ದುಡ್ಡು ಕಟ್ಟಿದ ಮೇಲೆ ಗಲ್ಲೆಯ ಹುಡುಗ ಪೆಟ್ಟಿಗೆಯನ್ನು ಒಂದು ಹಲಗೆಯ ಮೇಲೆ ಸವರಿದಾಗ ಒಳಗಿನ ಒಂದು ಪಟ್ಟಿಯ ಕಾಂತಗುಣ ಅಳಿದು ತಾಳ ತಪ್ಪುತ್ತದೆ. ಅಂಗಿಯ ಬಿಲ್ಲೆಯದು ಇನ್ನೂ ಸರಳ ವಿದ್ಯೆ: ಮೊಳೆಯನ್ನು ಬಿಗಿಹಿಡಿದ ಪುಟ್ಟ ಉಕ್ಕಿನ ಗುಂಡುಗಳು, ಅವನ್ನು ಒತ್ತಿಕೊಂಡಿರುವ ಒಂದು ಸ್ಪ್ರಿಂಗು. ಬಲವಾದ ಅಯಸ್ಕಾಂತ ಗುಂಡುಗಳನ್ನು ಹಿಂದಕ್ಕೆಳೆದಾಗ ಮಾತ್ರ ಮೊಳೆ ಸಡಿಲ. ಕೆಲವು ಬಿಲ್ಲೆಗಳಲ್ಲಿ ಶಾಯಿಯ ಗಾಜಿನ ನಳಿಗೆ ಇರುತ್ತದೆ. ಒತ್ತಾಯದಿಂದ ಕಿತ್ತರೆ ಒಡೆದು ಬಟ್ಟೆ ಹಾಳು. ಕದ್ದವನಿಗೂ ದಕ್ಕದ ಹಾಗೆ ಮಾಡುವ ಉಪಾಯ ಅದು.

ಇವೆಲ್ಲ ಬಾಗಿಲಲ್ಲಿ ಕೂಗುವ ಗುರುತುಗಳು. ಬಾಗಿಲು ದಾಟಿದ ಮೇಲೆ ಇವುಗಳಿಗೆ ಹೇಳಲು ಏನೂ ಉಳಿಯುವುದಿಲ್ಲ. ದುಡ್ಡು ಕೊಟ್ಟಿಲ್ಲ ಎಂಬುದಷ್ಟೇ ಇವುಗಳ ಮಾತು. ನಾನು ಇಂಥವರ ಸೊತ್ತು ಎಂಬ ಮಾತು ಇವಕ್ಕೆ ಬಾರದು. ಆ ಎರಡನೆಯ ಮಾತು ಬಲ್ಲ ಗುರುತುಗಳು ಬೇರೆ ಇವೆ, ಬಹಳ ಹಳೆಯವು. ಕುವೈತಿನಲ್ಲಿ ಬದುಕುತ್ತ ನನಗೆ ಹೆಚ್ಚು ಹತ್ತಿರವಾದವು ಅವೇ.

ನಮ್ಮೂರಿನ ಕಂಚಿನ ಕೊಡಪಾನ, ಹಿತ್ತಾಳೆಯ ಕೊಳದಪ್ಪಲೆ, ಸ್ಟೀಲಿನ ತಟ್ಟೆ ಯಾವುದನ್ನು ತಿರುಗಿಸಿ ನೋಡಿದರೂ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಸಿಗುತ್ತದೆ. ಪಾತ್ರೆಯಂಗಡಿಯಲ್ಲಿ ಕೊಂಡ ಕೂಡಲೇ ಹೆಸರು ಹಾಕಿಸುವುದು ಪದ್ಧತಿ. ಮನೆಯ ಹೆಸರು, ಯಜಮಾನನ ಹೆಸರಿನ ಮೊದಲಕ್ಷರ, ಮದುವೆಯ ಇಸವಿ. ಊರಿನ ಸಮಾರಾಧನೆಗೆ ಹತ್ತು ಮನೆಯ ಪಾತ್ರೆಗಳು ಒಂದೇ ಚಪ್ಪರದಡಿ ಸೇರುತ್ತಿದ್ದ ಕಾಲದಲ್ಲಿ, ಮರುದಿನ ಯಾವ ಹಂಡೆ ಯಾವ ಮನೆಗೆ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಆ ಚುಕ್ಕೆಗಳು. ಕಳವಾದ ಪಾತ್ರೆ ಗುಜರಿಯಲ್ಲಿ ಸಿಕ್ಕರೆ ಅದನ್ನು ಬಿಡಿಸಿಕೊಂಡು ಬರಲು ಬೇರೆ ಸಾಕ್ಷಿಯೇ ಬೇಡ.

ಮರುಭೂಮಿಯ ಬದೂಯಿನರಿಗೆ ಪಾತ್ರೆಗಿಂತ ಒಂಟೆ ದೊಡ್ಡದು. ಅವರು ಒಂಟೆಯ ಕೊರಳಿಗೋ ತೊಡೆಗೋ ಕೆನ್ನೆಗೋ ಕಾದ ಕಬ್ಬಿಣದಿಂದ ಹಾಕುವ ಬರೆಗೆ ವಸ್ಮ್ ಎನ್ನುತ್ತಾರೆ. ಪ್ರತಿ ಕುಲಕ್ಕೆ ತನ್ನದೇ ಗೆರೆ, ತನ್ನದೇ ಕೊಕ್ಕೆ, ತನ್ನದೇ ಬಳೆ. ಬೇಲಿಯಿಲ್ಲದ ನಾಡಿನಲ್ಲಿ ಮೇಯುತ್ತ ಎಲ್ಲಿಗೋ ಹೋದ ಒಂಟೆಯನ್ನು ಕಂಡವನು ಬರೆ ನೋಡಿ ಅದು ಯಾರ ಕಡೆಯದೆಂದು ಹೇಳುತ್ತಿದ್ದ. ನಮ್ಮ ಮೈಸೂರು ಸೀಮೆಯಲ್ಲೂ ಇದೇ ಪದ್ಧತಿ ಇತ್ತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ ಎಂಬ ಇಲಾಖೆ ಕಟ್ಟಿ, ತಮ್ಮ ಹೆಸರಿನ ಅಕ್ಷರದ ಮುದ್ರೆಯನ್ನು ಅವುಗಳಿಗೆ ಹಾಕಿಸಿದರು. ಮುಂದೆ ಟಿಪ್ಪುವಿನ ಕಾಲದಲ್ಲಿ ಅದೇ ಅಮೃತ ಮಹಲ್ ಆಯಿತು. ಕಾವಲುಗಳಲ್ಲಿ ಹರಡಿ ಮೇಯುವ ಸಾವಿರಾರು ದನಗಳನ್ನು ಅರಮನೆಯವೆಂದು ಹೇಳಲು ಮುದ್ರೆಯಲ್ಲದೆ ಬೇರೆ ದಾರಿ ಎಲ್ಲಿತ್ತು?

ಹಣಕ್ಕೂ ಹೀಗೆ ಬರೆ ಹಾಕಿದ ಕತೆ ಕುವೈತಿನ ನೆನಪಿನಲ್ಲಿದೆ, ಅದರಲ್ಲಿ ನಮ್ಮ ದೇಶದ ಪಾಲೂ ಇದೆ. 1961ರವರೆಗೆ ಕುವೈತಿನಲ್ಲಿ ಓಡುತ್ತಿದ್ದದ್ದು ರೂಪಾಯಿ. ಭಾರತದ ನೋಟುಗಳನ್ನು ಕದ್ದು ಸಾಗಿಸಿ ಇಲ್ಲಿ ಚಿನ್ನ ಕೊಳ್ಳುವುದು, ಆ ಚಿನ್ನ ಕಳ್ಳದೋಣಿಯಲ್ಲಿ ನಮ್ಮ ಕರಾವಳಿ ಸೇರುವುದು, ಇಲ್ಲಿ ಜಮೆಯಾದ ನೋಟುಗಳು ತಿರುಗಿ ರಿಸರ್ವ್ ಬ್ಯಾಂಕಿಗೆ ಬಂದು ವಿದೇಶಿ ವಿನಿಮಯವನ್ನು ಬರಿದು ಮಾಡುವುದು: ಇದು ಚಕ್ರದಂತೆ ನಡೆದಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡುಗಳಿಗಷ್ಟೇ ಚಲಾವಣೆಯಾಗುವ ಬೇರೆ ನೋಟುಗಳನ್ನು ಅಚ್ಚು ಹಾಕಿಸಿತು. ವಿನ್ಯಾಸ ಹೆಚ್ಚುಕಡಿಮೆ ಅದೇ, ಬಣ್ಣ ಬೇರೆ, ಸಂಖ್ಯೆಯ ಮುಂದೆ ಝಡ್ ಅಕ್ಷರ. ಒಂದು ಅಕ್ಷರ ಮತ್ತು ಒಂದು ಬಣ್ಣದಿಂದ ಇದು ಒಳಗಿನ ದುಡ್ಡು, ಇದು ಹೊರಗಿನದು ಎಂದು ಗೊತ್ತಾಗುವಂತಾಯಿತು. ಎರಡು ವರ್ಷದಲ್ಲಿ ಕುವೈತ್ ತನ್ನದೇ ದಿನಾರನ್ನು ತಂದಿತು.

ಆ ದಿನಾರಿಗೂ ಒಂದು ಕೆಟ್ಟ ಕಾಲ ಬಂತು. 1990ರ ಆಗಸ್ಟ್ 2ರ ನಸುಕಿನಲ್ಲಿ ಇರಾಕಿನ ಸೇನೆ ನುಗ್ಗಿತು. ಕೇಂದ್ರ ಬ್ಯಾಂಕಿನ ನೋಟುಗಳೂ ಚಿನ್ನದ ಗಟ್ಟಿಗಳೂ ಬಾಗ್ದಾದಿಗೆ ಹೋದವು. ಕಳವಾದ ನೋಟನ್ನು ಹಿಡಿಯಲು ಕುವೈತಿಗೆ ಇದ್ದ ಆಯುಧ ನೋಟಿನ ಮೇಲಿನ ಸರಣಿ ಸಂಖ್ಯೆ ಒಂದೇ. ಕುವೈತ್ ಬಿಡುಗಡೆಯಾದ ಕೆಲವೇ ವಾರಗಳಲ್ಲಿ, 1991ರ ಮಾರ್ಚ್ 24ರಂದು, ಕೇಂದ್ರ ಬ್ಯಾಂಕ್ ಬೇರೆ ಬಣ್ಣದ ಹೊಸ ನೋಟುಗಳನ್ನು ಹೊರತಂದಿತು. ಹಳೆಯ ಸರಣಿ ರದ್ದಾಯಿತು. ಕಳವಾದ ನೋಟುಗಳ ಸಂಖ್ಯೆ ಗೊತ್ತಿದ್ದುದರಿಂದ ಅವುಗಳಿಗೆ ಹೊಸ ನೋಟು ಕೊಡಲು ಬ್ಯಾಂಕ್ ಒಪ್ಪಲಿಲ್ಲ. ಕದ್ದವನ ಕೈಯಲ್ಲಿ ಉಳಿದದ್ದು ಬರೀ ಕಾಗದ. ಚಿನ್ನದ ಗಟ್ಟಿಗಳ ಬಣ್ಣ ಬದಲಿಸಲು ಬರುವುದಿಲ್ಲ. ಆದರೆ ಬ್ಯಾಂಕಿನ ಗಟ್ಟಿಗೆ ಸಂಖ್ಯೆಯ ಅಚ್ಚು ಇರುತ್ತದೆ, ತೂಕದ ಪಟ್ಟಿ ಇರುತ್ತದೆ. ವಿಶ್ವಸಂಸ್ಥೆಯ ಕಣ್ಣೆದುರಿನಲ್ಲಿ ಇರಾಕ್ 1991ರಲ್ಲೇ 3,216 ಗಟ್ಟಿಗಳನ್ನು ಮರಳಿಸಿತು.

ನನ್ನ ಮನಸ್ಸು ಹೆಚ್ಚು ತಂಗುವುದು ವಸ್ತುಸಂಗ್ರಹಾಲಯದ ಕತೆಯಲ್ಲಿ. ಶೇಖ್ ನಾಸರ್ ಸಬಾಹ್ ಅಲ್ ಅಹ್ಮದ್ ಅಲ್ ಸಬಾಹ್ 1975ರಲ್ಲಿ ಹದಿನಾಲ್ಕನೆಯ ಶತಮಾನದ ಒಂದು ಗಾಜಿನ ಬಾಟಲಿ ಕೊಂಡರು. ಗಾಜಿನ ಮೇಲೆ ಬಣ್ಣದ ಮೀನಾಕಾರಿ. ಅಲ್ಲಿಂದ ಶುರುವಾದ ಸಂಗ್ರಹವನ್ನು ಅವರೂ ಅವರ ಪತ್ನಿ ಶೇಖಾ ಹುಸ್ಸಾ ಅವರೂ ನಾಡಿಗೆ ಒಪ್ಪಿಸಿದರು. 1983ರ ಫೆಬ್ರವರಿಯಲ್ಲಿ ಕುವೈತ್ ರಾಷ್ಟ್ರೀಯ ಸಂಗ್ರಹಾಲಯದ ಕಟ್ಟಡದೊಳಗೆ ಅದು ದಾರ್ ಅಲ್ ಅಥರ್ ಅಲ್ ಇಸ್ಲಾಮಿಯ್ಯಾ ಎಂಬ ಹೆಸರಿನಲ್ಲಿ ಬಾಗಿಲು ತೆರೆಯಿತು. ಅಲ್ಲಿನ ಪ್ರತಿ ವಸ್ತುವಿಗೂ ಎಲ್‌ಎನ್‌ಎಸ್ ಎಂದು ಮೊದಲಾಗುವ ಸಂಖ್ಯೆ. ಕೊನೆಯಲ್ಲಿ ಬಗೆ ತಿಳಿಸುವ ಅಕ್ಷರ: ಒಡವೆಗೆ ಜೆ, ಗಾಜಿಗೆ ಜಿ, ಲೋಹಕ್ಕೆ ಎಂ, ಸುಟ್ಟ ಮಣ್ಣಿಗೆ ಸಿ.

ಆಕ್ರಮಣದ ಬಳಿಕ ಇರಾಕಿನವರು ಈ ಸಂಗ್ರಹವನ್ನು ಪೆಟ್ಟಿಗೆಗಳಲ್ಲಿ ತುಂಬಿ ಬಾಗ್ದಾದಿಗೆ ಸಾಗಿಸಿದರು. ಕಟ್ಟಡಕ್ಕೆ ಬೆಂಕಿ ಬಿತ್ತು. ಮೊರೊಕ್ಕೊ ದೇಶದ ಫೆಸ್ ಊರಿನಿಂದ ಬಂದಿದ್ದ ಹದಿನಾಲ್ಕನೆಯ ಶತಮಾನದ ಕೆತ್ತನೆಯ ಮರದ ಬಾಗಿಲುಗಳು ಸುಟ್ಟು ಹೋದವು. ನೂರಕ್ಕೂ ಹೆಚ್ಚು ವಸ್ತುಗಳು ಮಾತ್ರ ಆ ಹೊತ್ತಿಗೆ ಪ್ರದರ್ಶನಕ್ಕೆಂದು ಲೆನಿನ್‌ಗ್ರಾಡಿನ ಹರ್ಮಿಟೇಜಿಗೆ ಹೋಗಿದ್ದರಿಂದ ಉಳಿದವು. ಬಾಗಿಲು, ಬೀಗ, ಕಾವಲು, ಗಂಟೆ ಯಾವುದೂ ಒಂದು ಸೇನೆಯ ಎದುರು ನಿಲ್ಲಲಿಲ್ಲ. ನಿಂತದ್ದು ಸಂಖ್ಯೆ. ಭದ್ರತಾ ಮಂಡಳಿಯ 686ನೆಯ ನಿರ್ಣಯ ಕುವೈತಿನ ಸೊತ್ತನ್ನು ಮರಳಿಸಲು ಹೇಳಿತು. 1991ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಬಾಗ್ದಾದಿನಲ್ಲಿ ಒಂದೊಂದೇ ವಸ್ತುವನ್ನು ಪಟ್ಟಿಗೆ ತಾಳೆ ನೋಡಿ ಹಸ್ತಾಂತರ ನಡೆಯಿತು. ಸಂಗ್ರಹದ ಬಹುಪಾಲು ಮನೆಗೆ ಬಂತು. ಕೆಲವು ಬರಲಿಲ್ಲ. ಬಾರದವು ಯಾವುವೆಂದು ಹೇಳಬಲ್ಲವರಾಗಿದ್ದೇ ಒಂದು ಬಲ. ಏನು ಕಳೆಯಿತೆಂದು ಗೊತ್ತಿದ್ದವರಿಗೆ ಮಾತ್ರ ಅದನ್ನು ಕೇಳುತ್ತಲೇ ಇರಲು ಬರುತ್ತದೆ. ಕುವೈತ್ ಕೇಳುವುದನ್ನು ಬಿಡಲಿಲ್ಲ. 2021ರಲ್ಲೂ ಇರಾಕಿನಿಂದ ಹಳೆಯ ಸರಕಾರಿ ಕಡತಗಳು ಟನ್ನುಗಟ್ಟಲೆ ಮರಳಿ ಬಂದವು.

ಈ ಸಂಗ್ರಹದಲ್ಲಿ ಒಂದು ಕೆಂಪು ಹರಳಿದೆ, ಸ್ಪೈನೆಲ್, 249.3 ಕ್ಯಾರೆಟ್ ತೂಕದ್ದು. ಅದರ ಮೈಮೇಲೆ ಆರು ಅರಸರ ಹೆಸರು ಕೊರೆದಿದೆ: ತೈಮೂರನ ಮೊಮ್ಮಗ ಉಲುಗ್ ಬೇಗ್, ಇರಾನಿನ ಷಾ ಅಬ್ಬಾಸ್, ಮೊಗಲರ ಜಹಾಂಗೀರ್, ಷಾಜಹಾನ್, ಔರಂಗಜೇಬ್, ಕೊನೆಗೆ ಅಫಘಾನರ ಅಹಮದ್ ಷಾ ದುರಾನಿ. ಸಮರ್‌ಕಂದದ ಸುಲ್ತಾನನಿಗೂ ಪಾತ್ರೆಗೆ ಹೆಸರು ಹಾಕಿಸಿದ ನಮ್ಮೂರಿನ ಅಜ್ಜಿಗೂ ಹೊಳೆದ ಉಪಾಯ ಒಂದೇ. ತನ್ನದೆಂದು ಗಟ್ಟಿಯಾಗಿ ಹೇಳಬೇಕಾದರೆ ವಸ್ತುವಿನ ಮೈಯಲ್ಲೇ ಬರೆದುಬಿಡಬೇಕು. ಆ ಬರಹ ಹರಳನ್ನು ಯಾರ ಕೈಯಲ್ಲೂ ಕಟ್ಟಿ ಹಾಕಲಿಲ್ಲ. ಅದು ಗೆದ್ದವನ ಕೈಗೆ ಹೋಗುತ್ತಲೇ ಇತ್ತು. ಹಳೆಯ ಹೆಸರುಗಳನ್ನು ಒಬ್ಬರೂ ಪೂರಾ ಉಜ್ಜಿ ಹಾಕಲಿಲ್ಲವಾಗಿ ಹರಳಿನ ದಾರಿ ಮುನ್ನೂರು ವರ್ಷಗಳ ಉದ್ದಕ್ಕೂ ಓದಲು ಸಿಗುತ್ತದೆ.

ಬಚ್ಚಿಡುವುದು ಇನ್ನೊಂದು ವಿದ್ಯೆ. ಜಾಬ್ರಿಯಾದಲ್ಲಿ ತಾರೀಕ್ ರಜಬ್ ಸಂಗ್ರಹಾಲಯವಿದೆ, ವಸತಿ ಬೀದಿಯ ಒಂದು ಮನೆಯ ನೆಲಮಾಳಿಗೆಯಲ್ಲಿ. ಹಸ್ತಪ್ರತಿ, ಬೆಳ್ಳಿಯ ಒಡವೆ, ಉಡುಪು, ವಾದ್ಯ. ಆಕ್ರಮಣದ ದಿನಗಳಲ್ಲಿ ಮನೆಯವರು ಒಳಹೋಗುವ ಬಾಗಿಲಿಗೆ ಗೋಡೆ ಕಟ್ಟಿಸಿ, ಮುಂದೆ ಕಸಕಡ್ಡಿ ಚೆಲ್ಲಿ, ಅಲ್ಲೇನೂ ಇಲ್ಲವೆಂಬಂತೆ ಮಾಡಿದರು. ಸೈನಿಕರು ಊರೆಲ್ಲ ತಡಕಾಡಿದರೂ ಈ ಸಂಗ್ರಹ ಉಳಿಯಿತು. ಅಲ್ಲಿ ಮೆಟ್ಟಿಲಿಳಿಯುವಾಗ ಆ ಗೋಡೆ ಕಟ್ಟಿದ ಕೈಗಳ ಧೈರ್ಯ ನೆನೆದು ಮೈ ಜುಮ್ಮೆನ್ನುತ್ತದೆ. ಆದರೆ ಬಚ್ಚಿಡಲು ಸಮಯ ಬೇಕು, ನೆಲಮಾಳಿಗೆ ಬೇಕು, ಊರಲ್ಲೇ ಉಳಿಯುವ ಹಕ್ಕು ಬೇಕು. ಆಗ ಇಲ್ಲಿದ್ದ ನಮ್ಮವರಿಗೆ ಇವು ಯಾವುದೂ ಇರಲಿಲ್ಲ.

ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯಿಂದ ಬಂದು ಇಲ್ಲಿ ಹೋಟೆಲು, ಕಚೇರಿ, ಆಸ್ಪತ್ರೆ, ಗ್ಯಾರೇಜುಗಳಲ್ಲಿ ದುಡಿಯುತ್ತಿದ್ದವರು ಬಸ್ಸಿನಲ್ಲಿ, ಲಾರಿಯಲ್ಲಿ ಬಾಗ್ದಾದ್ ದಾಟಿ ಜೋರ್ಡಾನಿನ ಗಡಿಗೆ ಹೋಗಿ, ಡೇರೆಗಳಲ್ಲಿ ಕಾದು, ಅಮ್ಮಾನಿನಿಂದ ಮುಂಬೈಗೆ ಹಾರಿದರು. ಏರ್ ಇಂಡಿಯಾ ಸುಮಾರು 1,70,000 ಭಾರತೀಯರನ್ನು ಹಾಗೆ ತಂದಿತು. ಅವರು ಬಿಟ್ಟು ಬಂದ ಬಾಡಿಗೆ ಮನೆಗಳಲ್ಲಿ ವರ್ಷಗಟ್ಟಲೆ ಕೂಡಿಸಿದ್ದೆಲ್ಲ ಇತ್ತು: ಊರಿಗೆ ಒಯ್ಯಲೆಂದು ಇಟ್ಟ ಟೇಪ್ ರೆಕಾರ್ಡರ್, ಹೊಲಿಗೆ ಯಂತ್ರ, ತಂಗಿಯ ಮದುವೆಗೆಂದು ತೆಗೆದಿಟ್ಟ ಬಳೆ, ಕಂತು ತೀರದ ಕಾರು. ಅವುಗಳಲ್ಲಿ ಕಾರಿಗೆ ಚಾಸಿ ಸಂಖ್ಯೆ ಇತ್ತು. ಉಳಿದವಕ್ಕೆ ಬಹುತೇಕ ಏನೂ ಇರಲಿಲ್ಲ. ಇದ್ದ ಬಿಲ್ಲುಗಳೂ ಅದೇ ಮನೆಯ ಅದೇ ಕಪಾಟಿನಲ್ಲಿ.

ವಿಶ್ವಸಂಸ್ಥೆ ಪರಿಹಾರಕ್ಕೆಂದು ಜಿನೀವಾದಲ್ಲಿ ಆಯೋಗವೊಂದನ್ನು ಮಾಡಿತು. ಇರಾಕಿನ ಎಣ್ಣೆಯ ಆದಾಯದಿಂದ ಅದು ಒಟ್ಟು 5,240 ಕೋಟಿ ಡಾಲರು ಹಂಚಿ, 2022ರ ಜನವರಿಯಲ್ಲಿ ಕೊನೆಯ ಕಂತು ಕೊಟ್ಟಿತು. ಅದರ ನಿಯಮಗಳಲ್ಲಿ ನನ್ನ ಮನಸ್ಸು ಮುಟ್ಟಿದ ಒಂದು ಅಂಶವಿದೆ. ಎ ವರ್ಗದ ಅರ್ಜಿಗೆ ವಸ್ತುಗಳ ಪಟ್ಟಿ ಬೇಕಿರಲಿಲ್ಲ. 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರೊಳಗೆ ಇಲ್ಲಿಂದ ಹೊರಟಿದ್ದೆ ಎಂಬುದಕ್ಕೆ ಸರಳ ದಾಖಲೆ ಸಾಕು. ಒಬ್ಬ ವ್ಯಕ್ತಿಗೆ 2,500 ಡಾಲರು, ಬೇರೆ ಅರ್ಜಿ ಹಾಕದಿದ್ದರೆ 4,000. ಅಂದರೆ ಸೊತ್ತಿನ ಗುರುತು ಕಳೆದುಕೊಂಡವರಿಗೆ ಅವರ ಪಾಸ್‌ಪೋರ್ಟಿನ ಮುದ್ರೆಯೇ ಸಾಕ್ಷಿಯಾಯಿತು. ಆ ನಿಯಮ ಬರೆದವರು ದಯವಂತರು. ಬರೆಸಿಟ್ಟುಕೊಳ್ಳಲಾಗದ ಬಡವನ ಬದುಕೂ ಕಳವಾಗುತ್ತದೆ ಎಂಬುದನ್ನು ಅವರು ಒಪ್ಪಿಕೊಂಡರು. ಅದಕ್ಕಿಂತ ಹೆಚ್ಚಿನ ನಷ್ಟ ಹೇಳಿಕೊಳ್ಳಲು ಸಿ ವರ್ಗವಿತ್ತು, ಒಂದು ಲಕ್ಷ ಡಾಲರಿನವರೆಗೆ. ಅಲ್ಲಿ ಮಾತ್ರ ಇಂಥದ್ದು ಇತ್ತು, ಇಷ್ಟರದು ಎಂದು ತೋರಿಸಬೇಕಿತ್ತು. ಶೇಖರ ಗಾಜಿನ ಬಾಟಲಿಗೂ ಬಾಡಿಗೆ ಕೋಣೆಯ ಹೊಲಿಗೆ ಯಂತ್ರಕ್ಕೂ ನಡುವಣ ಅಂತರ ಬೆಲೆಯಷ್ಟರದೇ ಆಗಿರಲಿಲ್ಲ. ಒಂದರ ಹೆಸರು ಒಂದು ಪುಸ್ತಕದಲ್ಲಿತ್ತು, ಇನ್ನೊಂದರದು ಎಲ್ಲೂ ಇರಲಿಲ್ಲ.

ಆ ಪುಸ್ತಕವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಕಲಾವಸ್ತುಗಳ ಕಳವು ತಡೆಯಲು 1997ರಲ್ಲಿ ರೂಪುಗೊಂಡ ಆಬ್ಜೆಕ್ಟ್ ಐಡಿ ಎಂಬ ಅಂತಾರಾಷ್ಟ್ರೀಯ ಮಾದರಿ ಕೇಳುವುದು ಸಣ್ಣ ಸಂಗತಿಗಳನ್ನು: ಒಂದು ಚಿತ್ರ, ವಸ್ತುವಿನ ಬಗೆ, ಯಾವುದರಿಂದ ಮಾಡಿದ್ದು, ಅಳತೆ, ಬರಹ ಅಥವಾ ಮುದ್ರೆ, ಕಾಲ, ಮಾಡಿದವರು, ಎಲ್ಲಕ್ಕಿಂತ ಮುಖ್ಯವಾಗಿ ಬೇರೆಯದಕ್ಕೆ ಇಲ್ಲದ ಚಹರೆ. ಈ ಕೊನೆಯದು ನನಗೆ ಪ್ರಿಯ. ನನ್ನ ತಾಯಿಯ ಬಳೆಯ ಕೊಂಡಿಯ ಬಳಿ ಒಂದು ಬೆಸುಗೆ ಇದೆ, ಮಿಕ್ಕ ಚಿನ್ನಕ್ಕಿಂತ ತುಸು ಕೆಂಪಗೆ. ಅಕ್ಕಸಾಲಿಗ ಮುಚ್ಚಿಡಲು ನೋಡಿದ ಆ ಕಲೆಯನ್ನು ಹತ್ತಿರದಿಂದ ಚಿತ್ರ ತೆಗೆದು ಇಟ್ಟಿದ್ದೇನೆ. ಅಚ್ಚಿನ ಸಂಖ್ಯೆಯನ್ನು ಉಜ್ಜಿ ಅಳಿಸಬಹುದು. ಭಾರತದಲ್ಲಿ 2023ರ ಏಪ್ರಿಲ್‌ನಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಒಡವೆಗೆ ಕಡ್ಡಾಯವಾದ ಆರು ಅಕ್ಷರ ಸಂಖ್ಯೆಗಳ ಎಚ್‌ಯುಐಡಿಯನ್ನೂ ಉಜ್ಜಬಹುದು. ಎಲ್ಲಿ ತಗ್ಗಿದೆ, ಎಲ್ಲಿ ಸವೆದಿದೆ, ಎಲ್ಲಿ ಬೆಸೆದಿದೆ ಎಂಬ ಚಹರೆಯನ್ನು ಒಡವೆ ಕರಗಿಸದೆ ಅಳಿಸಲಾಗುವುದಿಲ್ಲ.

ನಮ್ಮ ಕರಾವಳಿಯ ಎಷ್ಟೋ ಹಳೆ ಮನೆಗಳಲ್ಲಿ, ಬಸದಿಗಳಲ್ಲಿ, ದೈವದ ಗುಡಿಗಳಲ್ಲಿ ತಲೆಮಾರುಗಳಿಂದ ಬಂದ ಕಡ್ಸಲೆ ಎಂಬ ಬೆಳ್ಳಿಯ ಖಡ್ಗ, ಕಂಚಿನ ದೀಪ, ದೈವದ ಮೊಗ, ತಾಳೆಗರಿಯ ಕಟ್ಟು ಇವೆ. ಎಲ್ಲರಿಗೂ ಗೊತ್ತಿದೆ ಎಂಬ ನಂಬಿಕೆಯ ಮೇಲೆ ಅವು ಕೂತಿವೆ. ಗೊತ್ತಿರುವ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಪರ ಊರಿನ ಹರಾಜಿನಲ್ಲೋ ಪೊಲೀಸ್ ಠಾಣೆಯ ಮೇಜಿನ ಮೇಲೋ ಅಂಥದ್ದೊಂದು ಸಿಕ್ಕಿ, ಇದು ನಿಮ್ಮದೇ ಎಂದು ಹೇಗೆ ಹೇಳುತ್ತೀರಿ ಎಂದು ಯಾರಾದರೂ ಕೇಳಿದರೆ ಭಕ್ತಿಯೊಂದೇ ಉತ್ತರವಾಗದು. ಬೀಗ ಹಾಕಿ, ಕ್ಯಾಮೆರಾ ಇಡಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ಒಂದು ಸಂಜೆ ತಕ್ಕಡಿ, ಅಳತೆ ಪಟ್ಟಿ, ಫೋನಿನ ಕ್ಯಾಮೆರಾ, ಒಂದು ನೋಟ್‌ಬುಕ್ ಹಿಡಿದು ಮನೆಯ ಹಿರಿಯರ ಪಕ್ಕ ಕೂತು, ಪ್ರತಿ ವಸ್ತುವಿನ ಕತೆ ಕೇಳಿ ಬರೆದುಕೊಳ್ಳಿ. ಬರೆದದ್ದರ ಒಂದು ಪ್ರತಿ ಬೇರೆ ಊರಿನಲ್ಲಿರುವ ಮಗನಲ್ಲೋ ಮಗಳಲ್ಲೋ ಇರಲಿ. ಕುವೈತಿಗೆ ತನ್ನ ಸೊತ್ತನ್ನು ಮರಳಿ ತಂದುಕೊಟ್ಟದ್ದು ಕಳವಾಗುವ ಮೊದಲೇ ಬರೆದಿಟ್ಟ ಪಟ್ಟಿ. ಕಳವಾದ ಮೇಲೆ ಎಷ್ಟು ಬರೆದರೂ ಅದು ದೂರು ಮಾತ್ರ ಆಗುತ್ತದೆ.